ಮತ್ತು ಅರಕಲಗೂಡು ಮತ್ತು ಚನ್ನರಾಯಪಟ್ಟಣ

ಮೊನ್ನೆ ಅಟ್ಟ ಗುಡಿಸುವಾಗ ಒಂದು ದೊಡ್ಡ ತಪ್ಪಲೆಯ ಮುಚ್ಚಳ ಸಿಕ್ಕಿತು. ತಪ್ಪಲೆ ಎಲ್ಲಿದೆಯೋ ದೇವರಿಗೇ ಗೊತ್ತು. ಯಾರದೋ ಮನೆಯ ಮದುವೆಗೆಂದು ಹೋದದ್ದು ಅಲ್ಲೇ ಸಂಸಾರ ಹೂಡಿರಬೇಕು. ನಾನು ಮುಚ್ಚಳ ಹಿಡಿದು ಏಣಿ ಇಳಿಯುತ್ತಿದ್ದಾಗ ಕೆಳಗೆ ನಿಂತಿದ್ದ ನಮ್ಮ ಯಜಮಾನರು, ಜೋಪಾನ, ಬಿದ್ದರೆ ಸೊಟ್ಟಗಾಗುತ್ತೆ ಎಂದರು. ನನ್ನ ವಿಷಯ ಹೇಳಿದರೋ ಮುಚ್ಚಳದ ವಿಷಯ ಹೇಳಿದರೋ ಎಂದು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದೆ ಬಿಟ್ಟದ್ದರಿಂದಲೇ ನಮ್ಮ ಮದುವೆ ಇಷ್ಟು ವರ್ಷ ನಡೆದಿದೆ.

ಧೂಳು ಒರೆಸಿದಾಗ ಅಕ್ಷರಗಳು ಕಂಡವು. ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದುಕೊಡುತ್ತಾರಲ್ಲ, ಆ ಅಕ್ಷರ. ಹಿಡಿಯ ಸುತ್ತ ದುಂಡುದುಂಡಾಗಿ, ಗತ್ತಿನಿಂದ, 'ಹೊಳೆನರಸೀಪುರ ಸೀಮೆ ಬಳಗ, ಹಾಸನ'. ಅದರ ಕೆಳಗೆ ಕೊಂಚ ಸಣ್ಣದಾಗಿ, 'ಮತ್ತು ಅರಕಲಗೂಡು'. ಅದರ ಪಕ್ಕ, ಜಾಗ ಸಾಲದೆ ಅಂಚಿನತ್ತ ಜಾರಿದ 'ಮತ್ತು ಚನ್ನರಾಯ'. ಉಳಿದ 'ಪಟ್ಟಣ'ವನ್ನು ಮುಚ್ಚಳದ ಒಳಮೈಗೆ ಹಾಕಿದ್ದರು. ಆ ಪಟ್ಟಣ ಎಷ್ಟು ಕಾಲ ಸಾರಿನ ಹಬೆ ಕುಡಿಯಿತೋ ಏನೋ.

ಅಟ್ಟ ಗುಡಿಸುವ ಕೆಲಸ ಅಲ್ಲಿಗೆ ನಿಂತಿತು. ನಿಲ್ಲುವುದಕ್ಕೆ ನಾನು ಒಂದು ನೆಪ ಕಾಯುತ್ತಿದ್ದೆ ಎಂಬುದೂ ನಿಜ.

ನಿಮಗೆ ಗೊತ್ತಲ್ಲ, ನಮ್ಮ ಹಾಸನದ ಕಡೆ ಹೊಸಬರು ಕಂಡರೆ ಹೆಸರು ಕೇಳುವುದು ಆಮೇಲೆ. ಮೊದಲು 'ಯಾವೂರು'. ಊರು ಹೇಳಿದರೆ 'ಯಾವ ಹೋಬಳಿ'. ಹೋಬಳಿಯೂ ಹೇಳಿದರೆ 'ಅಲ್ಲಿ ಯಾರ ಪೈಕಿ'. ಈ ಮೂರನೆಯದಕ್ಕೆ ಉತ್ತರ ಸಿಗುವ ಹೊತ್ತಿಗೆ ನಮ್ಮನ್ನು ಒಳಗೆ ಕೂರಿಸಬೇಕೋ ಜಗಲಿಯಲ್ಲೋ ಎಂಬುದು ಕೇಳಿದವರಿಗೆ ತಿಳಿದುಹೋಗಿರುತ್ತದೆ.

ನನಗೆ ಈ ಪ್ರಶ್ನೆ ಚಿಕ್ಕಂದಿನಿಂದಲೂ ತಾಪತ್ರಯ. ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿ, ರುದ್ರಪಟ್ಟಣದ ಪಕ್ಕದ ಪುಟ್ಟ ಹಳ್ಳಿ. ಅದರ ಹೆಸರು ಯಾರಿಗೂ ಗೊತ್ತಿಲ್ಲವೆಂದು ರುದ್ರಪಟ್ಟಣದ ಹತ್ತಿರ ಅನ್ನುತ್ತಿದ್ದೆ. ಆ ಊರಿನಲ್ಲಿ ಸಂಗೀತಗಾರರು ಹುಟ್ಟುತ್ತಾರೆಂಬುದು ಲೋಕಕ್ಕೆಲ್ಲ ತಿಳಿದ ಮಾತು. ಹಾಗಾಗಿ ಕೇಳಿದವರ ಮುಖ ಅರಳಿ, 'ಹಾಗಾದರೆ ಒಂದು ಹಾಡು ಹೇಳಿ' ಎಂಬ ಒತ್ತಾಯ ಬರುತ್ತಿತ್ತು. ಪಕ್ಕದೂರಿನ ಕಾವೇರಿ ನೀರನ್ನೇ ನಾವೂ ಕುಡಿದರೂ ನಮ್ಮ ಹಳ್ಳಿಯವರ ಗಂಟಲಿಗೆ ಆ ನೀರು ಹಿಡಿದಿರಲಿಲ್ಲ. ನಾನು ಹಾಡಿದರೆ ನಮ್ಮ ಮನೆಯ ಎಮ್ಮೆ ಹಾಲು ಇಳಿಸುತ್ತಿರಲಿಲ್ಲವೆಂದು ನಮ್ಮಜ್ಜಿ ಬದುಕಿರುವ ತನಕ ಹೇಳುತ್ತಿದ್ದಳು.

ಹೈಸ್ಕೂಲಿನಲ್ಲಿ ನಾನು ಖೊ ಖೊ ಆಡುತ್ತಿದ್ದೆ. ಊರಲ್ಲಿ ಆಡುವಾಗ ಮೇಲಿನ ಬೀದಿಯವರು ನಮ್ಮ ಶತ್ರುಗಳು. ತಾಲ್ಲೂಕು ಪಂದ್ಯಕ್ಕೆ ಹೋದಾಗ ಮೇಲಿನ ಬೀದಿಯವರೆಲ್ಲ ನಮ್ಮವರಾಗಿ ಕೊಣನೂರಿನವರು ಶತ್ರುಗಳಾದರು. ಹಾಸನಕ್ಕೆ ಜಿಲ್ಲಾ ಪಂದ್ಯಕ್ಕೆ ಬಂದಾಗ ಕೊಣನೂರಿನವರೂ ನಮ್ಮವರಾಗಿಬಿಟ್ಟರು; ಹೊಳೆನರಸೀಪುರದ ಹುಡುಗಿಯರನ್ನು ಕಂಡರೆ ಮೈ ಉರಿಯುತ್ತಿತ್ತು. ಅವರಲ್ಲೊಬ್ಬಳು ನನ್ನನ್ನು ಕೆಡವಿ ಮಂಡಿ ತರಚಿಸಿದಳು. ಮುಂದೆ ಮೈಸೂರಿನ ವಿಭಾಗ ಪಂದ್ಯಕ್ಕೆ ಹೊರಟ ಬಸ್ಸಿನಲ್ಲಿ ಅದೇ ಹುಡುಗಿ ನನ್ನ ಪಕ್ಕ ಕೂತು ಚಕ್ಕುಲಿ ಕೊಟ್ಟಳು. ನಾವಿಬ್ಬರೂ ಸೇರಿ ಮಂಡ್ಯದವರನ್ನು ದಾರಿಯುದ್ದಕ್ಕೂ ಬೈದೆವು. 'ನಮ್ಮೋರು' ಎಂದರೆ ಯಾರು ಎಂದು ಯಾರಾದರೂ ಪಾಠ ಹೇಳಲು ಬಂದರೆ ನನಗೆ ಆ ಚಕ್ಕುಲಿಯ ಎಳ್ಳಿನ ರುಚಿ ನಾಲಿಗೆಗೆ ಬರುತ್ತದೆ. ನಮ್ಮೋರು ಎಷ್ಟು ಜನವೆಂಬುದು ಎದುರಿಗೆ ಯಾರು ನಿಂತಿದ್ದಾರೆ ಎಂಬುದರ ಮೇಲಿರುತ್ತದೆ. ಮುಂದೆ ನಾನು ಮದುವೆಯಾದದ್ದು ಹೊಳೆನರಸೀಪುರದವರನ್ನೇ. ಅವರೂ ನನ್ನನ್ನು ಆಗಾಗ ಕೆಡವಿದ್ದಾರೆ, ಚಕ್ಕುಲಿ ಮಾತ್ರ ಕೊಟ್ಟದ್ದು ನೆನಪಿಲ್ಲ.

ಇರಲಿ, ಮುಚ್ಚಳಕ್ಕೆ ಬರೋಣ.

ನಾವು ಹಾಸನದಲ್ಲಿ ಮನೆ ಕಟ್ಟಿದ್ದು ಸಾಲಗಾಮೆ ರಸ್ತೆಯ ಕಡೆಯ ಒಂದು ಹೊಸ ಬಡಾವಣೆಯಲ್ಲಿ. ಅದು ಹಿಂದೆ ರಾಗಿ ಹೊಲ. ಹೊಲ ಮಾರಿದ ಹಳ್ಳಿಯವರು ಪಕ್ಕದಲ್ಲೇ ಇದ್ದರು. ಅವರನ್ನು ನಾವು ಮೂಲದೋರು ಅನ್ನುತ್ತಿದ್ದೆವು, ಅವರು ನಮ್ಮನ್ನು ಲೇಔಟಿನೋರು ಅನ್ನುತ್ತಿದ್ದರು. ಎರಡೂ ಬೈಗುಳವೇ. ಲೇಔಟಿನೋರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಒಂದಷ್ಟು ಮನೆಗಳಿದ್ದವು. ಅವರನ್ನೆಲ್ಲ ಸೇರಿಸಿ ಬಳಗ ಕಟ್ಟಿದವರು ಹಳ್ಳಿಮೈಸೂರಿನ ತಮ್ಮಣ್ಣಗೌಡರು. ಬೀಜ ಗೊಬ್ಬರದ ಅಂಗಡಿ ನಡೆಸಿ, ಮಗನಿಗೆ ಬಿಟ್ಟುಕೊಟ್ಟು, ಮಾತನಾಡುವುದಕ್ಕೆ ಪುರಸೊತ್ತು ಮಾಡಿಕೊಂಡವರು. ಅವರು ಅಧ್ಯಕ್ಷರು. ನಮ್ಮ ಯಜಮಾನರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಅವರು ಕಾರ್ಯದರ್ಶಿ. ಯಾವ ಹಳ್ಳಿ ಯಾವ ತಾಲ್ಲೂಕಿಗೆ ಸೇರುತ್ತದೆ ಎಂಬ ತಕರಾರು ಬಂದರೆ ನಕಾಶೆಯಿಲ್ಲದೆ ತೀರ್ಪು ಹೇಳುತ್ತಿದ್ದರು.

ಬಳಗಕ್ಕೆ ಇದ್ದದ್ದು ಒಂದೇ ಕೆಲಸ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಎಲ್ಲರೂ ಕೂತು ಮುದ್ದೆ ಉಣ್ಣುವುದು. ಈ ತಿಂಗಳು ನಮ್ಮಲ್ಲಿ, ಬರುವ ತಿಂಗಳು ನಿಮ್ಮಲ್ಲಿ. ಸಾರಿಗೆಂದು ಚಂದಾ ಎತ್ತಿ ಕೊಂಡ ಆ ತಪ್ಪಲೆಯೂ ಸರದಿಯ ಮನೆಗೆ ಹೋಗುತ್ತಿತ್ತು. ಉಂಡು, ಎಲೆಯಡಿಕೆ ಹಾಕಿಕೊಂಡು, ಬರಲಾರದವರ ವಿಷಯ ಮಾತಾಡಿ ಏಳುವುದು. ಬಳಗದ ನಿಯಮದಲ್ಲಿ ಜಾತಿ ಎಂಬ ಪದ ಎಲ್ಲೂ ಇರಲಿಲ್ಲ. ಇರುವ ಅಗತ್ಯ ಬಿದ್ದಿರಲಿಲ್ಲ.

ಆ ಹೊತ್ತಿಗೆ ನಮ್ಮ ಬೀದಿಗೆ ಸುಜಾತ ಸಿಸ್ಟರ್ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಗಂಡ ಕೊಳ್ಳೇಗಾಲದ ಕಡೆಯವರು, ಹೆಚ್ಚು ಮಾತಿನವರಲ್ಲ, ಗುಲಾಬಿ ಗಿಡಗಳ ಜೊತೆ ಮಾತ್ರ ಮಾತಾಡುತ್ತಿದ್ದರು. ಮನೆಯ ನಡುಮನೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನವರ ಪಟ. ಸಿಸ್ಟರ್ ಹುಟ್ಟಿದ್ದು ಹಳ್ಳಿಮೈಸೂರಿನಲ್ಲೇ. ತಮ್ಮಣ್ಣಗೌಡರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಕೂಗಿದರೆ ಓಡಿ ಬರಬೇಕಾಗಿದ್ದದ್ದು ಸಿಸ್ಟರ್ ಅವರ ಅಪ್ಪ, ಅಷ್ಟೇ ವ್ಯತ್ಯಾಸ.

ಬಂದ ಹೊಸದರಲ್ಲೇ ಅವರು ನಮ್ಮ ಯಜಮಾನರ ಹತ್ತಿರ, ನಾವೂ ಅದೇ ತಾಲ್ಲೂಕಿನವರಲ್ಲವೇ, ಬಳಗಕ್ಕೆ ಸೇರಿಸಿಕೊಳ್ಳಿ ಎಂದರು. ಯಜಮಾನರು ಅಧ್ಯಕ್ಷರಿಗೆ ಹೇಳಿದರು. ಅಧ್ಯಕ್ಷರು, ಸಂತೋಷ, ಆದರೆ ಈಗ ಆಷಾಢ, ಹೊಸಬರನ್ನು ಸೇರಿಸಿಕೊಳ್ಳುವ ಮಾಸವಲ್ಲ ಎಂದರು. ಆಷಾಢ ಮುಗಿದು ಶ್ರಾವಣ ಬಂತು. ಶ್ರಾವಣದಲ್ಲಿ ಹಬ್ಬಗಳು ಜಾಸ್ತಿ. ಭಾದ್ರಪದದಲ್ಲಿ ಪಿತೃಪಕ್ಷ. ನಮ್ಮ ಪಂಚಾಂಗದಲ್ಲಿ ಸುಜಾತ ಸಿಸ್ಟರ್ ಅವರಿಗೆ ಹೊಂದುವ ತಿಂಗಳೇ ಇರಲಿಲ್ಲ.

ಅವರಿಂದ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದಕ್ಕೆ ಮಾತ್ರ ಎಲ್ಲ ಮಾಸವೂ ಶುಭ. ಬಡಾವಣೆಯಲ್ಲಿ ಯಾರಿಗೆ ಜ್ವರ ಬಂದರೂ, ಸೊಂಟ ಹಿಡಿದರೂ, ಡಾಕ್ಟರು ಬರೆದುಕೊಟ್ಟ ಸೂಜಿಮದ್ದು ಹಿಡಿದು ಅವರ ಮನೆಗೇ ಓಡುತ್ತಿದ್ದರು. ಅವರ ಕೈ ಹಗುರ, ನೋವಾಗುವುದಿಲ್ಲ. ತಮ್ಮಣ್ಣಗೌಡರೂ ಹೋಗುತ್ತಿದ್ದರು. ಹೀಗೆ ಬಳಗದ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಆಕೆಯ ಮುಂದೆ ಪಂಚೆ ಸಡಿಲಿಸಿ ನಿಂತವರೇ. ಅಂಡು ತೋರಿಸಲು ಅಡ್ಡಿಯಿಲ್ಲ, ತಟ್ಟೆ ಒಡ್ಡಲು ಅಡ್ಡಿ. ಬಾಯ್ತುಂಬ ಸಿಸ್ಟರ್, ಸಿಸ್ಟರ್ ಅನ್ನುತ್ತಿದ್ದರು. ಅಷ್ಟೊಂದು ಅಣ್ಣತಮ್ಮಂದಿರಲ್ಲಿ ಒಬ್ಬರೂ ಆಕೆಯ ಮನೆಯಲ್ಲಿ ನೀರು ಕೇಳಿದವರಲ್ಲ.

ಬುದ್ಧಪೂರ್ಣಿಮೆಯ ದಿನ ಅವರು ಬೀದಿಗೆಲ್ಲ ಪಾಯಸ ಕೊಡುತ್ತಿದ್ದರು. ಗೋಡಂಬಿ ಧಾರಾಳವಾಗಿ ಹಾಕಿದ ಗಟ್ಟಿ ಪಾಯಸ. ನಾವಿಬ್ಬರೂ ತಿಂದೆವು; ಯಜಮಾನರು ನನ್ನ ಪಾಲಿನದನ್ನೂ ಅಳತೆ ಮಾಡಿ ಒತ್ತುವರಿ ಮಾಡಿದರು. ಬೇರೆ ಮನೆಗಳಲ್ಲಿ ಏನಾಯಿತೋ ಗೊತ್ತಿಲ್ಲ. ನಮ್ಮ ಬೀದಿಯ ನಾಯಿಗಳು ಮಾತ್ರ ಆ ವಾರ ಮೈಕೈ ತುಂಬಿಕೊಂಡು ಬಹಳ ಧಾರ್ಮಿಕವಾಗಿ ಮಲಗಿರುತ್ತಿದ್ದವು.

ಹೀಗಿರುವಾಗ ನಮ್ಮ ಬಡಾವಣೆ ನಗರಕ್ಕೆ ಸೇರಿತು. ಸೇರಿದರೆ ಬೀದಿದೀಪ ಬರುತ್ತದೆಂದು ಕಾಯುತ್ತಿದ್ದೆವು, ಮೊದಲು ಬಂದದ್ದು ರಾಜಕೀಯ. ನಮ್ಮದೂ ಮೂಲದೋರದೂ ಕೂಡಿ ಒಂದು ವಾರ್ಡಂತೆ, ಅದಕ್ಕೊಂದು ಚುನಾವಣೆಯಂತೆ. ಮೂಲದೋರು ಒಗ್ಗಟ್ಟಾಗಿ ಓಟು ಹಾಕಿದರೆ ನಮ್ಮ ಬಳಗ ಅವರ ಮುಂದೆ ಉಪ್ಪಿನಕಾಯಿಯಷ್ಟು. ತಮ್ಮಣ್ಣಗೌಡರಿಗೆ ಕೌನ್ಸಿಲರ್ ಆಗುವ ಆಸೆ ಹುಟ್ಟಿತ್ತು. ಎಲೆಯಡಿಕೆ ಅಗಿಯುತ್ತ ಅವರು ನಮ್ಮ ಜಗಲಿಯ ಮೇಲೆ ಕೂತು, ಬಳಗ ಬೆಳೀಬೇಕು, ನಮ್ಮ ಮನಸ್ಸು ದೊಡ್ಡದಾಗಬೇಕು ಎಂದರು. ಅವರ ಮನಸ್ಸು ಅಷ್ಟು ದೊಡ್ಡದಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಯಾರನ್ನು ಸೇರಿಸಿಕೊಳ್ಳುವುದು? ಅರಕಲಗೂಡಿನವರ ಮನೆಗಳು ಒಂದಷ್ಟಿದ್ದವು. ಅವರು ಬೇರೆ ತಾಲ್ಲೂಕಿನವರಲ್ಲವೇ ಎಂದು ಕೆಲವರು ಗೊಣಗಿದರು. ಆಗ ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿ, ಇವರ ತವರು ಅರಕಲಗೂಡೇ, ನಾವೇನು ಇವರನ್ನು ಬಿಟ್ಟಿದ್ದೀವಾ ಎಂದರು. ಅದುವರೆಗೆ ಹೊಳೆನರಸೀಪುರದ ಸೊಸೆಯಾಗಿ ಮುದ್ದೆ ತೊಳಸುತ್ತಿದ್ದ ನಾನು ಒಂದೇ ಮಧ್ಯಾಹ್ನದಲ್ಲಿ ಐತಿಹಾಸಿಕ ಆಧಾರವಾಗಿಬಿಟ್ಟೆ. ಸೇರ್ಪಡೆಯ ದಿನ ಅರಕಲಗೂಡಿನ ಪರವಾಗಿ ನಾನೇ ಪ್ರಾರ್ಥನೆ ಹಾಡಬೇಕೆಂದರು, ರುದ್ರಪಟ್ಟಣದ ಹತ್ತಿರದವಳಲ್ಲವೇ. ಬೇಡವೆಂದೆ. ಕೇಳಲಿಲ್ಲ. ಹಾಡಿದೆ. ಎರಡನೆಯ ಚರಣಕ್ಕೆ ಮೊದಲೇ ಚಪ್ಪಾಳೆ ತಟ್ಟಿ ಕೂರಿಸಿದರು. ಸೇರ್ಪಡೆಯಿಂದ ಹಿಂದೆ ಸರಿಯುವ ಬಗ್ಗೆ ಆ ದಿನ ಕೆಲವರು ಯೋಚಿಸಿದರೆಂದು ಆಮೇಲೆ ಯಜಮಾನರು ಹೇಳಿದರು.

ಮುಚ್ಚಳದ ಮೇಲೆ 'ಮತ್ತು ಅರಕಲಗೂಡು' ಕೊರೆಸಿದ್ದು ಆಗಲೇ. ಅಕ್ಷರ ಸಣ್ಣದಾಯಿತೆಂದು ಅರಕಲಗೂಡಿನವರು ಮುನಿಸಿಕೊಂಡರು. ಇರುವ ಜಾಗದಲ್ಲಿ ಅಷ್ಟೇ ಹಿಡಿಯುವುದು ಎಂದು ಸರ್ವೆಯರು ಸಾಹೇಬರು ಸಮಾಧಾನ ಹೇಳಿದರು.

ನಾವು ಹೀಗೆ ವಿಸ್ತಾರವಾಗಿದ್ದು ಕಂಡು ಸುಜಾತ ಸಿಸ್ಟರ್ ಇನ್ನೊಮ್ಮೆ ಕೇಳಿದರು. ಈ ಸಲ ಮಾಸದ ನೆಪ ಹೇಳುವಂತಿರಲಿಲ್ಲ, ಅರಕಲಗೂಡಿನವರು ಸೇರಿದ್ದೇ ಆಷಾಢದಲ್ಲಿ. ಅಧ್ಯಕ್ಷರು ಯೋಚಿಸಿ ಒಂದು ಹೊಸ ನಿಯಮ ಕಂಡುಹಿಡಿದರು. ಹೆಣ್ಣುಮಕ್ಕಳಿಗೆ ಗಂಡನ ಊರೇ ಊರು, ಸಿಸ್ಟರ್ ಕೊಳ್ಳೇಗಾಲದವರಾದರು, ನಮ್ಮ ಕೈ ಕಟ್ಟಿದೆ ಎಂದರು. ನನಗೆ ಗಂಡನ ಊರೂ ನಡೆಯುತ್ತಿತ್ತು, ತವರೂರೂ ನಡೆಯುತ್ತಿತ್ತು. ಆಕೆಗೆ ಎರಡೂ ನಡೆಯುತ್ತಿರಲಿಲ್ಲ. ನಾನಿದನ್ನು ಸಭೆಯಲ್ಲೇ ಕೇಳಿದೆ. ತಮ್ಮಣ್ಣಗೌಡರು ನನ್ನನ್ನು ನೋಡಿ ನಕ್ಕು, ಸಾರಿಗೆ ಇವತ್ತು ಉಪ್ಪು ಕಮ್ಮಿ ಅಂದರು.

ಅದಾದ ಮೇಲೆ ಬಂದವರು ಚನ್ನರಾಯಪಟ್ಟಣದವರು. ಅವರ ಮುಖಂಡ ಬೋರಣ್ಣ, ಹಾರ್ಡ್‌ವೇರ್ ಅಂಗಡಿಯವರು. ಸೇರುವ ಮುಂಚೆಯೇ ಷರತ್ತು ಹಾಕಿದರು, ತಮ್ಮ ಕಡೆಯ ಊಟದಲ್ಲಿ ತೆಂಗಿನಕಾಯಿಗೆ ಮಿತಿ ಇರಕೂಡದು. ಹೊಳೆನರಸೀಪುರದವರಿಗೆ ಸೊಪ್ಪಿನ ಸಾರು ನೀರಾಗಿರಬೇಕು, ಅರಕಲಗೂಡಿನವರಿಗೆ ಕಾಳು ಇರಬೇಕು, ಚನ್ನರಾಯಪಟ್ಟಣದವರಿಗೆ ಕಾಯಿ ರುಬ್ಬಿ ಹಾಕದಿದ್ದರೆ ಅದು ಸಾರೇ ಅಲ್ಲ. ಮೂರನ್ನೂ ಕೂಡಿಸಿ ಮಾಡಿದ ಒಂದು ಸಾರು ನಮ್ಮ ಬಳಗದ ಅಧಿಕೃತ ಸಾರಾಯಿತು. ಅದನ್ನು ಯಾರೂ ಮನೆಯಲ್ಲಿ ಮಾಡಿಕೊಳ್ಳುತ್ತಿರಲಿಲ್ಲ. ಅದರ ಮುಂದೆ ಕೂತಾಗ ತಮ್ಮಣ್ಣಗೌಡರ ಮುಖದಲ್ಲಿ ರಾಜಕಾರಣಿಗೆ ಬೇಕಾದ ಸಹನೆ ಮೊದಲ ಬಾರಿಗೆ ಕಾಣಿಸಿತು.

ಸುಜಾತ ಸಿಸ್ಟರ್ ಮೂರನೆಯ ಸಲ ಕೇಳಲಿಲ್ಲ. ಒಂದು ದಿನ ಸೊಪ್ಪಿನವಳ ಗಾಡಿಯ ಹತ್ತಿರ ಇಬ್ಬರೂ ದಂಟಿನಸೊಪ್ಪು ಆರಿಸುತ್ತಿದ್ದಾಗ ನಾನೇ ಆ ಮಾತು ತೆಗೆದೆ. ಅವರಿಗೆ ಸಿಟ್ಟಿರಲಿಲ್ಲ, ಅಥವಾ ಸಿಟ್ಟನ್ನು ಸೂಜಿಯ ಹಾಗೆ ಕುದಿಸಿ ಮುಚ್ಚಿಟ್ಟಿದ್ದರು.

"ನಂಗೆ ಮುದ್ದೆಗೇನು ಬರ ಬಂದಿಲ್ಲ ಅಕ್ಕ. ಚನ್ನರಾಯಪಟ್ಟಣ ಹತ್ರ ಆಯ್ತು, ಒಂದೇ ಊರಿನ ನಾನು ದೂರ ಆದೆ. ನಿಮ್ಮೆಜಮಾನ್ರು ಅದ್ಯಾವ ಸರಪಳೀಲಿ ಅಳೀತಾರೆ ಅಂತ ಒಂದ್ಸಲ ನೋಡ್ಬೇಕು" ಎಂದು ಸೊಪ್ಪಿನ ಕಟ್ಟು ಕೊಡವಿಕೊಂಡು ಹೋದರು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಓದುತ್ತಿದ್ದ ಪೇಪರ್ ಮಡಿಸಿಟ್ಟರು.

ಆಮೇಲೆ ವಾರ್ಡುಗಳ ಮೀಸಲಾತಿ ಪ್ರಕಟವಾಯಿತು. ನಮ್ಮ ವಾರ್ಡು ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲು.

ಆ ದಿನ ಬೆಳಗ್ಗೆ ತಮ್ಮಣ್ಣಗೌಡರು ನಮ್ಮ ಮನೆಗೆ ಬಂದು ಕೂತವರು ಕಾಫಿ ಆರಿ ತಣ್ಣಗಾದರೂ ಲೋಟ ಎತ್ತಲಿಲ್ಲ. ಹೊಲಿಸಿಟ್ಟಿದ್ದ ಬಿಳಿ ಜುಬ್ಬಗಳನ್ನು ಏನು ಮಾಡುವುದೆಂಬ ಚಿಂತೆ ಅವರ ಮುಖದಲ್ಲಿತ್ತು. ಅಷ್ಟರಲ್ಲಿ ಬೋರಣ್ಣ ಓಡಿಬಂದರು. ಮೂಲದೋರು ಈಗಾಗಲೇ ಒಬ್ಬಳನ್ನು ಹುಡುಕುತ್ತಿದ್ದಾರಂತೆ, ನಾವು ತಡಮಾಡಿದರೆ ಕೆಟ್ಟೆವು ಎಂದರು. ನಮ್ಮವರಲ್ಲಿ ಅಂಥವರು ಯಾರಿದ್ದಾರೆ ಎಂದು ಮೂವರೂ ಸೂರು ನೋಡುತ್ತ ಯೋಚಿಸಿದರು. ಬೀದಿಯ ಆಚೆ ಬದಿಯಲ್ಲಿ ಸುಜಾತ ಸಿಸ್ಟರ್ ರಂಗೋಲಿ ಹಾಕುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಕೆಲವು ಬೆಳಕುಗಳು ತಾವಾಗಿಯೇ ಹೊತ್ತಬೇಕು.

ತಮ್ಮಣ್ಣಗೌಡರಿಗೆ ಹೊತ್ತಿತು. "ಸಿಸ್ಟರ್ ನಮ್ಮೂರೋಳೇ ಅಲ್ವ್ರಾ" ಎಂದರು, ಆಗಷ್ಟೇ ಹೊಳೆದವರ ಹಾಗೆ.

ಮಧ್ಯಾಹ್ನಕ್ಕೆ ಮುಂಚೆ ನಿಯೋಗ ಹೊರಟಿತು. ಅಧ್ಯಕ್ಷರು, ಬೋರಣ್ಣ, ಯಜಮಾನರು. ಹೆಂಗಸರ ಮನೆಗೆ ಹೋಗುವಾಗ ಒಬ್ಬ ಹೆಂಗಸಿರಲಿ ಎಂದು ನಾನು. ಬೋರಣ್ಣ ಒಂದು ತೆಂಗಿನಕಾಯಿ ಹಿಡಿದಿದ್ದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಸಿಸ್ಟರ್ ನಮ್ಮನ್ನು ನೋಡಿ, ಯಾರಿಗೆ ಇಂಜೆಕ್ಷನ್ ಎಂದು ಕೇಳಿದರು. ಯಾರಿಗೂ ಇಲ್ಲವೆಂದಾಗ ಕುರ್ಚಿ ಎಳೆದು ಹಾಕಿದರು. ಆ ಮನೆಯಲ್ಲಿ ಬಳಗದ ಗಂಡಸರು ಕೂತದ್ದು ಅದೇ ಮೊದಲು. ಹಿಂದೆ ಬಂದಾಗೆಲ್ಲ ಗೋಡೆ ಕಡೆ ತಿರುಗಿ ನಿಂತು ಅಭ್ಯಾಸ.

ಗೌಡರು ಗಂಟಲು ಸರಿಮಾಡಿಕೊಂಡು ಹಳ್ಳಿಮೈಸೂರಿನ ಮಣ್ಣು, ನೀರು, ಕೆರೆ ಏರಿ, ಶಾಲೆಯ ಹಿಂದಿನ ಹುಣಸೆಮರ ಎಲ್ಲವನ್ನೂ ಹೊಗಳಿದರು. ಬಳಗವೆಂದರೆ ಒಂದು ಕುಟುಂಬ ಅಂದರು. ಕಡೆಗೆ, ನೀವು ನಮ್ಮೂರ ಮಗಳು, ನಮ್ಮ ಬಳಗದ ಪರವಾಗಿ ಚುನಾವಣೆಗೆ ನಿಲ್ಲಬೇಕು ಎಂದರು.

"ನಾನು ನಿಮ್ಮೂರ ಮಗಳು ಅನ್ನೋದು ನಂಗೆ ಹುಟ್ಟಿದಾಗಿಂದ ಗೊತ್ತು ಗೌಡ್ರೆ. ನಿಮಗೆ ಯಾವತ್ತು ಗೊತ್ತಾಯ್ತು?"

ಗೌಡರು ಬುದ್ಧನ ಪಟ ನೋಡಿದರು. ಅಲ್ಲಿ ಯಾವ ಸಹಾಯವೂ ಸಿಗಲಿಲ್ಲ.

ಸಿಸ್ಟರ್ ಅವರನ್ನು ಬಹಳ ಹೊತ್ತು ಒದ್ದಾಡಿಸಲಿಲ್ಲ. ನಿಲ್ಲುವ ವಿಷಯ ಆಮೇಲೆ ನೋಡೋಣ, ಮೊದಲು ಬಳಗಕ್ಕೆ ಸೇರುತ್ತೇನೆ, ಸೇರಿದ ಮೇಲೆ ಸರದಿಯ ಊಟ ಹಾಕಲೇಬೇಕಲ್ಲ, ಈ ಭಾನುವಾರ ಎಲ್ಲರೂ ನಮ್ಮ ಮನೆಗೆ ಬನ್ನಿ ಎಂದರು. ಮೂಲದೋರನ್ನೂ ಕರೆಯುತ್ತೇನೆ, ಅವರೂ ಇದೇ ಬೀದಿಯ ಗಾಳಿ ಕುಡಿಯುವವರು ಎಂದೂ ಸೇರಿಸಿದರು. ಬೋರಣ್ಣ ತೆಂಗಿನಕಾಯಿಯನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟರು.

ಆ ವಾರ ನಮ್ಮ ಬಡಾವಣೆಯ ಆರೋಗ್ಯ ಇದ್ದಕ್ಕಿದ್ದಂತೆ ಕೆಟ್ಟಿತು. ಒಬ್ಬರಿಗೆ ಹೊಟ್ಟೆ ತೊಳಸು, ಇನ್ನೊಬ್ಬರಿಗೆ ಭಾನುವಾರವೇ ಉಪವಾಸ ಹಿಡಿಯುವ ಹರಕೆ ನೆನಪಾಯಿತು. ಮತ್ತೊಬ್ಬರು ಹಲ್ಲುನೋವೆಂದು ಕೆನ್ನೆಗೆ ಟವೆಲ್ ಸುತ್ತಿಕೊಂಡು ಓಡಾಡಿದರು. ಸಿಸ್ಟರ್ ಶನಿವಾರ ಸಂಜೆ ಮನೆಮನೆಗೆ ಹೋಗಿ, ಯಾರಿಗೆ ಹೊಟ್ಟೆ ಸರಿಯಿಲ್ಲವೋ ಅವರು ಊಟಕ್ಕೆ ಅರ್ಧ ಗಂಟೆ ಮುಂಚೆ ಬನ್ನಿ, ಸೂಜಿ ಹಾಕಿಯೇ ಬಡಿಸುತ್ತೇನೆ, ಆಸ್ಪತ್ರೆಯ ದಪ್ಪ ಸೂಜಿ ಒಂದು ಉಳಿದಿದೆ ಎಂದು ಬಹಳ ಕಾಳಜಿಯಿಂದ ಹೇಳಿಬಂದರು. ಭಾನುವಾರ ಬೆಳಗಾಗುವುದರೊಳಗೆ ಎಲ್ಲರೂ ಗುಣವಾಗಿದ್ದರು.

ಜನ ಬಂದರು. ಮೂಲದೋರೂ ಬಂದು ಗೇಟಿನ ಒಳಗೆ ಸಾಲಾಗಿ ನಿಂತರು. ಅವರಲ್ಲಿ ಕೆಲವರಿಗೂ ನಮ್ಮವರ ಹಾಗೆಯೇ ಮುಖ ಗಂಟಾಗಿತ್ತು. ಈ ಒಂದು ವಿಷಯದಲ್ಲಿ ಲೇಔಟಿನೋರೂ ಮೂಲದೋರೂ ಅಣ್ಣತಮ್ಮಂದಿರ ಹಾಗಿದ್ದರು. ಅಂಗಳದಲ್ಲಿ ಶಾಮಿಯಾನ, ಚಾಪೆ, ಎಲೆ. ಸುಜಾತ ಸಿಸ್ಟರ್ ಸೆರಗು ಸಿಕ್ಕಿಸಿಕೊಂಡು ತಾವೇ ಬಡಿಸಿದರು. ಅವರ ಗಂಡ ಹಿಂದೆ ಹಿಂದೆ ನೀರಿನ ಜಗ್ಗು ಹಿಡಿದು ಬಂದರು. ತಮ್ಮಣ್ಣಗೌಡರ ಎಲೆಯ ಮೇಲೆ ಮುದ್ದೆ ಬಿತ್ತು. ಅದರ ಪಕ್ಕ ತೆಳ್ಳನೆಯ ಸೊಪ್ಪಿನ ಸಾರು ಹರಿಯಿತು, ಕಾಳಿಲ್ಲ, ಕಾಯಿಯಿಲ್ಲ.

ಒಂದು ಕ್ಷಣ ಯಾರೂ ಕೈ ಹಾಕಲಿಲ್ಲ. ಎಲ್ಲರೂ ಗೌಡರನ್ನು ನೋಡುತ್ತಿದ್ದರು. ಗೌಡರು ಮುದ್ದೆಯನ್ನು ನೋಡುತ್ತಿದ್ದರು. ನಮ್ಮ ಯಜಮಾನರು ಇದ್ದಕ್ಕಿದ್ದಂತೆ ತುತ್ತು ಮುರಿದು ಸಾರಿಗೆ ಅದ್ದಿ ನುಂಗಿಬಿಟ್ಟರು. ಆಮೇಲೆ ಪಕ್ಕಕ್ಕೆ ತಿರುಗಿ, "ಅಣ್ಣ, ಮುದ್ದೆ ಆರೋಗ್ತದೆ" ಎಂದರು. ಮೂವತ್ತು ವರ್ಷ ಇನ್ನೊಬ್ಬರ ಗಡಿಗೆ ಕಲ್ಲು ನೆಡುತ್ತಾ ಬಂದ ಮನುಷ್ಯ ಹೀಗೆ ಒಂದು ಗಡಿ ದಾಟಿದ್ದನ್ನು ನೋಡಿ ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಚಕ್ಕುಲಿಯನ್ನು ಮನ್ನಾ ಮಾಡಿದೆ.

ಗೌಡರು ಉಂಡರು. ಮೊದಲ ತುತ್ತು ಔಷಧಿಯ ಹಾಗೆ, ಎರಡನೆಯದು ಅನುಮಾನದಿಂದ, ಮೂರನೆಯದಕ್ಕೆ ಕೈ ತಾನಾಗಿ ಹೋಯಿತು. ಆ ಸಾರು ಅವರ ಹೋಬಳಿಯದು. ಕಾಳು ಕಾಯಿಗಳ ಒಪ್ಪಂದದ ಸಾರು ಕುಡಿದು ನಾಲಿಗೆ ದಣಿದಿದ್ದ ಮನುಷ್ಯ ಅದನ್ನು ಗುರುತು ಹಿಡಿಯದೆ ಇರುವುದು ಸಾಧ್ಯವಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿ ಎಂದು ಗೊಣಗಿದರು. ನಿಮ್ಮೂರ ಖಾರವೇ ಎಂದು ಸಿಸ್ಟರ್ ಇನ್ನೊಂದು ಸೌಟು ಹಾಕಿದರು. ಗೌಡರು ಬೇಡವೆನ್ನಲಿಲ್ಲ.

ಇಷ್ಟೆಲ್ಲ ಆದಮೇಲೆ ಚುನಾವಣೆಯೇ ನಡೆಯಲಿಲ್ಲ. ಮೀಸಲಾತಿ ಸರಿಯಿಲ್ಲವೆಂದು ಯಾರೋ ಕೋರ್ಟಿಗೆ ಹೋದರು, ಕೋರ್ಟು ತಡೆ ಕೊಟ್ಟಿತು. ಯಾವುದಕ್ಕೆಂದು ಬಳಗವನ್ನು ಹಿಗ್ಗಿಸಿದ್ದರೋ ಅದೇ ಇಲ್ಲವಾಗಿತ್ತು. ಆದರೆ ಉಂಡದ್ದನ್ನು ವಾಪಸು ಕೊಡುವ ಹಾಗಿರಲಿಲ್ಲ. ಬೋರಣ್ಣ ಒಂದು ಸಲ, ಈಗ ಸಿಸ್ಟರ್ ವಿಷಯ ಏನು ಮಾಡೋಣ ಎಂದು ಶುರುಮಾಡಿದರು. ನಮ್ಮ ಯಜಮಾನರು, ಚನ್ನರಾಯಪಟ್ಟಣದ ವಿಷಯವನ್ನೂ ಅದರ ಜೊತೆಗೇ ತೆಗೆದುಕೊಳ್ಳೋಣವೇ ಎಂದು ಕೇಳಿದರು. ಬೋರಣ್ಣ ಮಳೆಯ ಬಗ್ಗೆ ಮಾತಾಡಿದರು.

ಮುಂದಿನ ತಿಂಗಳ ಸರದಿ ತಮ್ಮಣ್ಣಗೌಡರ ಮನೆಯದು. ನಿಜವಾದ ಪರೀಕ್ಷೆ ಅದೇ ಎಂದು ನಾವೆಲ್ಲ ಒಳಗೊಳಗೇ ಬಲ್ಲೆವು. ಸಿಸ್ಟರ್ ಮನೆಗೆ ಹೋಗಿ ಉಂಡು ಬಂದದ್ದು ಒಂದು, ಅವರನ್ನು ತಮ್ಮ ಮನೆಯೊಳಗೆ ಕೂರಿಸುವುದು ಇನ್ನೊಂದು. ಗೌಡರ ಹೆಂಡತಿ ನಿಂಗಮ್ಮನವರು ಮಡಿಯ ಮನುಷ್ಯರು, ಬಳಗದ ಸಭೆಗಳಿಗೆ ಬಂದವರಲ್ಲ. ಆಕೆಯ ಅಡುಗೆಮನೆಯ ಹೊಸಿಲನ್ನು ಹೊರಗಿನವರು ಯಾರೂ ದಾಟಿದ್ದಿಲ್ಲ, ನಾನೂ ದಾಟಿರಲಿಲ್ಲ.

ಸುಜಾತ ಸಿಸ್ಟರ್ ಬಂದರು, ಹಸಿರು ಅಂಚಿನ ಸೀರೆ ಉಟ್ಟು, ಗಂಡನನ್ನೂ ಕರೆದುಕೊಂಡು. ನಡುಮನೆಯಲ್ಲಿ ನಮ್ಮೆಲ್ಲರ ಜೊತೆ ಸಾಲಿನಲ್ಲೇ ಕೂತರು. ಅವತ್ತು ಎಲೆ ಸಿಕ್ಕಿರಲಿಲ್ಲವೆಂದು ಸ್ಟೀಲಿನ ತಟ್ಟೆ ಇಟ್ಟಿದ್ದರು. ಊಟ ನಡೆಯಿತು. ಮಾತು ಕಡಿಮೆಯಿತ್ತು, ಮುದ್ದೆ ನುಂಗುವ ಸದ್ದು ಜಾಸ್ತಿಯಿತ್ತು. ಅರ್ಧಕ್ಕೆ ಬಂದಾಗ ಸಿಸ್ಟರ್ ತಟ್ಟೆ ಕೈಯಲ್ಲಿ ಹಿಡಿದು ಎದ್ದು ನಿಂತರು.

ಸಾಲಿನಲ್ಲಿದ್ದವರ ಕೈಗಳೆಲ್ಲ ಬಾಯಿಗೆ ಹೋಗುವ ಅರ್ಧ ದಾರಿಯಲ್ಲೇ ನಿಂತವು. ಹಳ್ಳಿಮೈಸೂರಿನಲ್ಲಿ, ಆ ಕಾಲದಲ್ಲಿ, ಸಿಸ್ಟರ್ ಅವರ ಅಪ್ಪ, ಗೌಡರ ಮನೆಯ ಹಿತ್ತಿಲಲ್ಲಿ ಉಂಡಮೇಲೆ ತಟ್ಟೆಯನ್ನು ತಾವೇ ತೊಳೆದು ದನದ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ ಹೋಗಬೇಕಾಗಿತ್ತು ಎಂಬುದು ಹೇಳದಿದ್ದರೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ತಮ್ಮಣ್ಣಗೌಡರಿಗೂ ಅದೇ ನೆನಪಾಗಿರಬೇಕು. ಮುಖ ಕಪ್ಪಿಟ್ಟಿತು. ಗಡಬಡಿಸಿ ಎದ್ದು, ಎಂಜಲು ಕೈಯಲ್ಲೇ ಅಡ್ಡ ಬಂದು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು.

"ಬ್ಯಾಡ ಕಣವ್ವ. ತಟ್ಟೆ ಅಲ್ಲೇ ಬುಡು. ನೀನು ತೊಳೀಬ್ಯಾಡ."

ಸಿಸ್ಟರ್ ಅವರನ್ನು ಒಂದು ಗಳಿಗೆ ನೋಡಿದರು. ಆಸ್ಪತ್ರೆಯಲ್ಲಿ ಹೆದರಿದ ರೋಗಿಯನ್ನು ನೋಡುವ ಹಾಗೆ, ಸ್ವಲ್ಪ ಕರುಣೆ, ಸ್ವಲ್ಪ ತುಂಟತನ.

"ತೊಳಿಯಕ್ಕಲ್ಲ ಗೌಡ್ರೆ. ಸಾರು ಆ ತುದೀಲೇ ನಿಂತೋಯ್ತು, ಈ ಕಡೀಕೆ ಬರ್ಲೇ ಇಲ್ಲ. ನಾನೇ ಓಗಿ ಆಕಸ್ಕೊಂಡ್ ಬತ್ತೀನಿ. ಅಡುಗೆಮನೆ ಎಲ್ಲೈತೆ?"

ಅಷ್ಟು ವರ್ಷ ನರ್ಸಮ್ಮನ ಭಾಷೆ ಆಡುತ್ತಿದ್ದವರು ಹಳ್ಳಿಮೈಸೂರಿನ ಮಾತಿಗೆ ಇಳಿದಿದ್ದರು. ಗೌಡರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ತೋರಿಸಬೇಕಾದ ಕೈ ಎಂಜಲಾಗಿತ್ತು, ಗದ್ದದಲ್ಲೇ ತೋರಿಸಿದರು. ಸಿಸ್ಟರ್ ನಡುಮನೆ ದಾಟಿ ಅಡುಗೆಮನೆಯ ಹೊಸಿಲ ಮುಂದೆ ಹೋಗಿ ನಿಂತರು. ಒಳಗಿನಿಂದ ಸೌಟಿನ ಸದ್ದೂ ನಿಂತಿತು. ಹೊರಗೆ ನಮ್ಮ ಯಜಮಾನರು ಕಣ್ಣು ಮುಚ್ಚಿ ಕೂತಿದ್ದರು.

ಆಮೇಲೆ ನಿಂಗಮ್ಮನವರ ದನಿ ಕೇಳಿಸಿತು.

"ಅಲ್ಯಾಕೆ ನಿಂತ್ಕಂಡೆ ಬಾರವ್ವ ಒಳಿಕ್ಕೆ. ನೀನು ಸಿಕ್ಕೋದೇ ಕಷ್ಟ, ನಂಗೆ ಈ ಮಂಡಿ ತೋರುಸ್ಬೇಕಿತ್ತು."